ಮನೆಮಂದಿಯ ಕೈಗೆ ವಾಕಿ-ಟಾಕಿ ಕೊಟ್ಟ ಆಲ್ ಗ್ರಾಸ್

ವಾಕಿ-ಟಾಕಿ ಅಂದ್ರೆ ನಮಗೆ ತಕ್ಷಣ ನೆನಪಾಗೋದು ಟ್ರಾಫಿಕ್ ಪೊಲೀಸರು, ಮೆಟ್ರೋ ಸ್ಟೇಷನ್‌ನ ಸೆಕ್ಯೂರಿಟಿಯವರು, ಇಲ್ಲಾಂದ್ರೆ ಸಿನಿಮಾ ಶೂಟಿಂಗ್. ಮನೆಯವರು ಟ್ರಿಪ್‌ಗೆ ಹೋಗುವಾಗ ಬ್ಯಾಗಲ್ಲಿ ಇಟ್ಟುಕೊಳ್ಳುವ ವಸ್ತು ಅಂತ ನಮಗೂ ಯಾವತ್ತೂ ಅನ್ನಿಸಿರಲಿಲ್ಲ. ಹೋದ ವರ್ಷ ಬಸವೇಶ್ವರನಗರದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಎರಡು ಕಾರಲ್ಲಿ ಹೊರಟಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೇ ಒಬ್ಬರಿಗೊಬ್ಬರು ತಪ್ಪಿಹೋದ್ವಿ. ಅಲ್ಲಿ ಫೋನ್ ಇತ್ತು, ತೊಂದರೆ ಆಗಲಿಲ್ಲ. ಆದರೆ ಸಕಲೇಶಪುರ ದಾಟಿ ಬಿಸಿಲೆ ಘಾಟಿಗೆ ಇಳಿದ ಮೇಲೆ ಎಲ್ಲರ ಮೊಬೈಲಿನಲ್ಲೂ ಸಿಗ್ನಲ್ ಹೋಯಿತು. ನಮ್ಮ ಕಾರು ಮುಂದೆ, ದೊಡ್ಡಪ್ಪನ ಕಾರು ಎಲ್ಲೋ ಹಿಂದೆ. ಅಜ್ಜಿ ನಮ್ಮ ಜೊತೆ ಇದ್ದರು, ಅವರ ಮಾತ್ರೆಗಳ ಡಬ್ಬಿ ಹಿಂದಿನ ಕಾರಲ್ಲಿತ್ತು. ಕಾಡಿನ ರಸ್ತೆ ಪಕ್ಕದಲ್ಲಿ ಒಂದು ಗಂಟೆ ಸುಮ್ಮನೆ ಕಾದಿದ್ದು ನಮಗೆ ಇನ್ನೂ ನೆನಪಿದೆ. ಹಿಂದಿನ ಕಾರಿನ ಟೈರ್ ಪಂಕ್ಚರ್ ಆಗಿತ್ತು ಅಷ್ಟೆ. ಆದರೆ ಆ ಒಂದು ಗಂಟೆ ನಮಗದು ಗೊತ್ತಿರಲಿಲ್ಲ.

ಈ ಕಥೆ ಕೇಳಿದ ನಮ್ಮ ಅಣ್ಣ, ದೊಡ್ಡಮ್ಮನ ಮಗ, ಅಮೆರಿಕದಿಂದ ಬರುವಾಗ ಒಂದು ಜೊತೆ ವಾಕಿ-ಟಾಕಿ ತಂದುಕೊಟ್ಟ. ಡಬ್ಬದ ಮೇಲೆ ಕುಟುಂಬದ ಚಿತ್ರ, ಲೈಸೆನ್ಸ್ ಬೇಕಿಲ್ಲ ಅನ್ನೋ ಮಾತು. ಅಪ್ಪ ಅದನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: ಇದು ನಮ್ಮಲ್ಲಿ ಕಾನೂನುಬದ್ಧವೇ ಅಂತ. ಎಲೆಕ್ಟ್ರಾನಿಕ್ಸ್ ಓದ್ತಾ ಇರೋ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಆಲ್ಫ್ರೆಡ್ ಗ್ರಾಸ್. ಜಗತ್ತು ಅವರನ್ನು ಆಲ್ ಗ್ರಾಸ್ ಅಂತ ಕರೆಯಿತು. ವಾಕಿ-ಟಾಕಿ ಕಂಡುಹಿಡಿದವರಲ್ಲಿ ಒಬ್ಬರು ಅಂತ ಪುಸ್ತಕಗಳು ಹೇಳುತ್ತವೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದಾರೆ ಅಂತ ಅವರ ಜೀವನ ಓದಿದ ಮೇಲೆ ನಮಗೆ ಅನ್ನಿಸಿತು.

ಹಡಗಿನ ಮೇಲೆ ಒಂಬತ್ತು ವರ್ಷದ ಹುಡುಗ

ಗ್ರಾಸ್ ಹುಟ್ಟಿದ್ದು 1918ರ ಫೆಬ್ರವರಿ 22ರಂದು, ಕೆನಡಾದ ಟೊರಾಂಟೊದಲ್ಲಿ. ರೊಮೇನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬ. ಹುಡುಗ ಬೆಳೆದದ್ದು ಮಾತ್ರ ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಆ ಊರು ಈರಿ ಎಂಬ ದೊಡ್ಡ ಸರೋವರದ ದಡದಲ್ಲಿದೆ.

ಒಂಬತ್ತು ವರ್ಷ ಇದ್ದಾಗ ಮನೆಯವರ ಜೊತೆ ಆ ಸರೋವರದಲ್ಲಿ ಸ್ಟೀಮರ್ ಹತ್ತಿ ಹೊರಟಿದ್ದ. ಅದೂ ಒಂದು ಫ್ಯಾಮಿಲಿ ಟ್ರಿಪ್ಪೇ ಅನ್ನಿ. ದೊಡ್ಡವರು ಅವರ ಪಾಡಿಗೆ ಇದ್ದಾಗ ಹುಡುಗ ಹಡಗೆಲ್ಲಾ ಸುತ್ತಿ ವೈರ್‌ಲೆಸ್ ರೂಮಿನ ಬಾಗಿಲಿಗೆ ಬಂದು ನಿಂತ. ಅಲ್ಲಿನ ಆಪರೇಟರ್ ಬೈದು ಓಡಿಸಲಿಲ್ಲ, ಒಳಗೆ ಕರೆದು ಕೇಳಿಸಿಕೊಳ್ಳಲು ಬಿಟ್ಟ. ತಂತಿಯೇ ಇಲ್ಲದೆ, ಕಣ್ಣಿಗೆ ಕಾಣದ ದಡದಿಂದ ಸದ್ದು ಬರ್ತಾ ಇತ್ತು. ಗ್ರಾಸ್ ಅವರ ಇಡೀ ಜೀವನ ಆ ರೂಮಿನಿಂದಲೇ ಶುರುವಾಯಿತು ಅನ್ನಬಹುದು.

ಹನ್ನೆರಡು ವರ್ಷ ಆಗುವಷ್ಟರಲ್ಲಿ ಮನೆಯ ನೆಲಮಾಳಿಗೆ ರೇಡಿಯೊ ಸ್ಟೇಷನ್ ಆಗಿತ್ತು. ಅಂಗಡಿಯಿಂದ ಹೊಸ ಪಾರ್ಟ್ ತರೋಕೆ ದುಡ್ಡಿಲ್ಲ, ಗುಜರಿಯಿಂದ ತಂದ ಸಾಮಾನಿನಲ್ಲೇ ಎಲ್ಲಾ ಜೋಡಿಸಿದ್ದು. ಹದಿನಾರಕ್ಕೆ, ಅಂದ್ರೆ 1934ರಲ್ಲಿ, ಹ್ಯಾಮ್ ರೇಡಿಯೊ ಲೈಸೆನ್ಸ್ ಸಿಕ್ಕಿತು. ಕಾಲ್‌ಸೈನ್ ಡಬ್ಲ್ಯೂ8ಪಿಎಎಲ್. ಹ್ಯಾಮ್ ಅಂದ್ರೆ ಸರ್ಕಾರದ ಪರೀಕ್ಷೆ ಪಾಸ್ ಮಾಡಿ, ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವ ಅನುಮತಿ ಪಡೆದವರು. ಈ ವಿಷಯ ಮುಖ್ಯ. ಗ್ರಾಸ್ ಶುರು ಮಾಡಿದ್ದೇ ಲೈಸೆನ್ಸ್ ಪಡೆದು. ಗಾಳಿಯಲ್ಲಿ ಮಾತಾಡೋಕೆ ಒಂದು ಶಿಸ್ತು ಇದೆ ಅನ್ನೋದು ಅವರಿಗೆ ಹದಿನಾರಕ್ಕೇ ಗೊತ್ತಿತ್ತು.

ಅದೇ ಕಾಲಕ್ಕೆ ನಮ್ಮ ಕಡೆ ಏನಾಗ್ತಾ ಇತ್ತು ಅಂತ ನೋಡಿದರೆ ಖುಷಿಯಾಗುತ್ತೆ. 1935ರಲ್ಲಿ ಮೈಸೂರಿನಲ್ಲಿ ಸೈಕಾಲಜಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಕೇಂದ್ರ ನಡೆಸಲು ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಬಂದದ್ದು ಆ ಕೇಂದ್ರದಿಂದಲೇ. ಕ್ಲೀವ್‌ಲ್ಯಾಂಡ್‌ನ ನೆಲಮಾಳಿಗೆಯಲ್ಲಿ ಒಬ್ಬ ಹುಡುಗ, ಮೈಸೂರಿನ ಮನೆಯಲ್ಲಿ ಒಬ್ಬ ಮೇಷ್ಟ್ರು. ವ್ಯತ್ಯಾಸ ಒಂದೇ. ಮೈಸೂರಿನ ರೇಡಿಯೊ ಒಬ್ಬರು ಮಾತಾಡಿ ಊರೆಲ್ಲಾ ಕೇಳೋದು. ಗ್ರಾಸ್‌ಗೆ ಬೇಕಾಗಿದ್ದು ಇಬ್ಬರೂ ಮಾತಾಡೋದು, ಅದೂ ನಡೆದುಕೊಂಡು ಹೋಗ್ತಾ.

ಆಂಟೆನಾ ಲೆಕ್ಕ

1936ರಲ್ಲಿ ಗ್ರಾಸ್ ಕ್ಲೀವ್‌ಲ್ಯಾಂಡ್‌ನ ಕೇಸ್ ಸ್ಕೂಲ್ ಆಫ್ ಅಪ್ಲೈಡ್ ಸೈನ್ಸ್ ಸೇರಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಆಗ ಅವರ ತಲೆಯಲ್ಲಿದ್ದದ್ದು 100 ಮೆಗಾಹರ್ಟ್ಸ್‌ಗಿಂತ ಮೇಲಿನ ಫ್ರೀಕ್ವೆನ್ಸಿಗಳು. ಆ ಕಡೆ ಹೆಚ್ಚು ಜನ ಹೋಗಿರಲಿಲ್ಲ.

ಅವರು ಅಲ್ಲಿಗೇ ಯಾಕೆ ಹೋದರು ಅಂತ ನಮ್ಮ ಕ್ಲಾಸಿನ ಲೆಕ್ಕದಲ್ಲೇ ಹೇಳಬಹುದು. 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತೆ. ಸಾಮಾನ್ಯವಾಗಿ ಅದರ ಕಾಲು ಭಾಗದಷ್ಟು ಉದ್ದದ ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತೆ. 27 ಮೆಗಾಹರ್ಟ್ಸ್ ತಗೊಂಡರೆ ಅಲೆ ಸುಮಾರು 11 ಮೀಟರ್, ಕಾಲು ಭಾಗ 2.8 ಮೀಟರ್. ಅಷ್ಟುದ್ದದ ಕಡ್ಡಿ ಹಿಡಿದು ಯಾರು ಓಡಾಡ್ತಾರೆ? 446 ಮೆಗಾಹರ್ಟ್ಸ್ ತಗೊಂಡರೆ ಕಾಲು ಭಾಗ 17 ಸೆಂಟಿಮೀಟರ್, ಅಂಗೈಯಷ್ಟು. ಫ್ರೀಕ್ವೆನ್ಸಿ ಮೇಲೆ ಹೋದಷ್ಟೂ ಸೆಟ್ ಚಿಕ್ಕದಾಗುತ್ತೆ. ಹೇಳೋಕೆ ಸುಲಭ. ಆ ಕಾಲದ ವ್ಯಾಕ್ಯೂಮ್ ಟ್ಯೂಬ್‌ಗಳಲ್ಲಿ ಅಷ್ಟು ಮೇಲಿನ ಫ್ರೀಕ್ವೆನ್ಸಿಯನ್ನು ಹುಟ್ಟಿಸೋದು, ಹುಟ್ಟಿಸಿದ್ದನ್ನು ಅಲುಗಾಡದಂತೆ ನಿಲ್ಲಿಸೋದು ಎರಡೂ ಕಷ್ಟ.

1938ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಗ್ರಾಸ್ ಕೈಯಲ್ಲಿ ಹಿಡಿದು ಮಾತಾಡುವ ಎರಡು ಕಡೆಯ ರೇಡಿಯೊ ಮಾಡಿದರು. ನಮಗಿಂತ ಒಂದು ವರ್ಷ ದೊಡ್ಡವರು ಅಷ್ಟೆ. ನಾವಿನ್ನೂ ಲ್ಯಾಬ್ ರೆಕಾರ್ಡ್ ಬರೆಯೋದ್ರಲ್ಲೇ ಇದ್ದೀವಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಾಕಿ-ಟಾಕಿಗೆ ಒಬ್ಬರೇ ಅಪ್ಪ ಅಲ್ಲ. ಕೆನಡಾದಲ್ಲಿ ಡೊನಾಲ್ಡ್ ಹಿಂಗ್ಸ್ ಎಂಬುವರು 1937ರಲ್ಲೇ ಒಂದು ಗಣಿ ಕಂಪನಿಗಾಗಿ, ಕಾಡಿನ ಮೇಲೆ ಹಾರುವ ಪೈಲಟ್‌ಗಳಿಗೆ ಉಪಯೋಗವಾಗಲಿ ಅಂತ, ಹೊತ್ತುಕೊಂಡು ಹೋಗುವ ರೇಡಿಯೊ ಮಾಡಿದ್ದರು. ಯುದ್ಧದ ಸಮಯದಲ್ಲಿ ಮೊಟೊರೊಲಾದ ಎಂಜಿನಿಯರ್‌ಗಳು ಸೈನಿಕರ ಬೆನ್ನಿಗೆ ಹಾಕುವ ಸೆಟ್, ಕೈಯಲ್ಲಿ ಹಿಡಿಯುವ ಸೆಟ್ ಎರಡನ್ನೂ ಮಾಡಿದರು. ಯಾರು ಮೊದಲು ಅನ್ನೋ ವಾದ ಇನ್ನೂ ಮುಗಿದಿಲ್ಲ. ನಾವು ಅದರೊಳಗೆ ಹೋಗಲ್ಲ.

ವಿಮಾನಕ್ಕೆ ಪಿಸುಮಾತು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್ಎಸ್ ಗ್ರಾಸ್ ಅವರನ್ನು ಕರೆಸಿಕೊಂಡಿತು. ಜರ್ಮನ್ನರ ಹಿಡಿತದಲ್ಲಿದ್ದ ಜಾಗದಲ್ಲಿ ಅಡಗಿರುವ ಏಜೆಂಟ್ ಸುದ್ದಿ ಕಳಿಸುವುದು ಹೇಗೆ ಅನ್ನೋದು ಅಲ್ಲಿನ ಸಮಸ್ಯೆ. ಮೋರ್ಸ್ ಕೋಡ್ ಸೆಟ್ಟುಗಳು ದೊಡ್ಡವು, ಕಳಿಸೋಕೆ ಟೈಮ್ ಹಿಡಿಯುತ್ತೆ. ಅಷ್ಟರಲ್ಲಿ ಶತ್ರುಗಳ ವ್ಯಾನು ಸಿಗ್ನಲ್ ಬರುವ ದಿಕ್ಕು ಹಿಡಿದು ಬಾಗಿಲಿಗೆ ಬಂದುಬಿಡುತ್ತೆ.

ಇದಕ್ಕೆ ಹುಟ್ಟಿದ್ದು ಜೋನ್-ಎಲಿನಾರ್ ಎಂಬ ಜೋಡಿ ರೇಡಿಯೊ. ಸ್ಟೀಫನ್ ಸಿಂಪ್ಸನ್, ಡಿವಿಟ್ ಗಾಡರ್ಡ್ ಮುಂತಾದವರ ಜೊತೆ ಗ್ರಾಸ್ ಕೂಡ ಅದಕ್ಕೆ ಕೆಲಸ ಮಾಡಿದರು. ಜೋನ್ ಏಜೆಂಟನ ಕೈಯಲ್ಲಿ, ಎರಡು ಕೆಜಿಗಿಂತ ಕಮ್ಮಿ ತೂಕ. ಎಲಿನಾರ್ ಸುಮಾರು 9,000 ಮೀಟರ್ ಎತ್ತರದಲ್ಲಿ ಸುತ್ತುವ ವಿಮಾನದಲ್ಲಿ. ಫ್ರೀಕ್ವೆನ್ಸಿ 260 ಮೆಗಾಹರ್ಟ್ಸ್ ಆಸುಪಾಸು. ಇಂಥ ಅಲೆಗಳು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಹೋಗುತ್ತವೆ. ಮೇಲಿನ ವಿಮಾನಕ್ಕೆ ಚೆನ್ನಾಗಿ ಕೇಳಿಸುತ್ತೆ, ಪಕ್ಕದ ಬೀದಿಯಲ್ಲಿ ಹುಡುಕುವವನಿಗೆ ಸಿಗೋದು ಕಷ್ಟ. ಏಜೆಂಟ್ ಸುಮ್ಮನೆ ಮಾತಾಡಿದರೆ ಸಾಕು, ವಿಮಾನದಲ್ಲಿ ರೆಕಾರ್ಡ್ ಆಗುತ್ತೆ. 1944ರ ಕೊನೆಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಇದು ಮೊದಲು ಕೆಲಸ ಮಾಡಿತು. ಆದರೆ ಇದೆಲ್ಲಾ ಗುಟ್ಟು. 1976ರವರೆಗೂ ಆ ದಾಖಲೆಗಳು ಹೊರಗೆ ಬರಲಿಲ್ಲ.

ಎಲ್ಲರಿಗೂ ಒಂದು ಬ್ಯಾಂಡ್

ಯುದ್ಧ ಮುಗಿಯಿತು. ಇಲ್ಲಿಂದ ಶುರುವಾಗೋದೇ ನಮ್ಮ ಪ್ರಕಾರ ಗ್ರಾಸ್ ಅವರ ದೊಡ್ಡ ಕೆಲಸ.

ಅಲ್ಲಿಯವರೆಗೆ ಎರಡು ಕಡೆಯ ರೇಡಿಯೊ ಸೈನ್ಯಕ್ಕೆ, ಪೊಲೀಸರಿಗೆ, ಹಡಗಿಗೆ, ಇಲ್ಲವೇ ಪರೀಕ್ಷೆ ಪಾಸಾದ ಹ್ಯಾಮ್‌ಗಳಿಗೆ ಮಾತ್ರ. ರೈತ, ಡಾಕ್ಟರು, ಮನೆಯವರು ಇಂಥವರಿಗೆ ಜಾಗವೇ ಇರಲಿಲ್ಲ. 1945ರಲ್ಲಿ ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ 460ರಿಂದ 470 ಮೆಗಾಹರ್ಟ್ಸ್ ಜಾಗವನ್ನು ಸಾಮಾನ್ಯ ಜನರಿಗಾಗಿ ಎತ್ತಿಡಲು ಮುಂದಾಯಿತು. ಸಿಟಿಜನ್ಸ್ ರೇಡಿಯೊ ಅಂತ ಹೆಸರು. ಆದರೆ ಕಾಗದದ ಮೇಲೆ ಬ್ಯಾಂಡ್ ಕೊಟ್ಟರೆ ಸಾಲದು, ಅದರಲ್ಲಿ ಕೆಲಸ ಮಾಡುವ, ಜನ ಕೊಳ್ಳಬಹುದಾದ ಸೆಟ್ ಬೇಕಲ್ಲ. ಗ್ರಾಸ್ ಸಿಟಿಜನ್ಸ್ ರೇಡಿಯೊ ಕಾರ್ಪೊರೇಷನ್ ಅಂತ ಕಂಪನಿ ಕಟ್ಟಿದರು. 1948ರಲ್ಲಿ ಅವರ ಸೆಟ್ಟಿಗೆ ಎಫ್‌ಸಿಸಿಯ ಟೈಪ್ ಅಪ್ರೂವಲ್ ಸಿಕ್ಕಿತು. ಜನಸಾಮಾನ್ಯರ ರೇಡಿಯೊಗೆ ಇಂಥ ಒಪ್ಪಿಗೆ ಮೊದಲು ಪಡೆದವರು ಅವರೇ.

ಟೈಪ್ ಅಪ್ರೂವಲ್ ಅಂದ್ರೆ ಒಂದು ಸೀಲು ಅಂತ ನಾವು ತಿಳಿದಿದ್ದೆವು. ಹಾಗಲ್ಲ. ಸೆಟ್ ಬಿಸಿಯಾದಾಗ ಫ್ರೀಕ್ವೆನ್ಸಿ ಜಾರುತ್ತಾ, ಹೇಳಿದ್ದಕ್ಕಿಂತ ಹೆಚ್ಚು ಪವರ್ ಬಿಡುತ್ತಾ, ಪಕ್ಕದವರ ಚಾನೆಲ್ ಮೇಲೆ ಚೆಲ್ಲುತ್ತಾ ಅಂತೆಲ್ಲಾ ಪರೀಕ್ಷೆ ಮಾಡಿ ಒಪ್ಪೋದು. ಎಂಜಿನಿಯರ್ ತನ್ನ ಸೆಟ್ಟಿನಿಂದ ಪಕ್ಕದವರಿಗೆ ತೊಂದರೆ ಆಗಲ್ಲ ಅಂತ ತೋರಿಸಿಕೊಡಬೇಕು. ಗುಜರಿ ಪಾರ್ಟಿನ ಹುಡುಗ ಈ ಪರೀಕ್ಷೆ ಪಾಸಾದ. ಆಮೇಲೆ ಅವರ ಕಂಪನಿ ಒಂದು ಲಕ್ಷಕ್ಕೂ ಹೆಚ್ಚು ಸೆಟ್ ಮಾರಿತು. ಕೊಂಡವರಲ್ಲಿ ಹೆಚ್ಚಿನವರು ರೈತರು, ಜೊತೆಗೆ ಅಲ್ಲಿನ ಕರಾವಳಿ ಕಾವಲು ಪಡೆ.

ಇದೇ ಕಾಲಕ್ಕೆ ಕಾರ್ಟೂನಿಸ್ಟ್ ಚೆಸ್ಟರ್ ಗೌಲ್ಡ್ ಗ್ರಾಸ್ ಅವರ ವರ್ಕ್‌ಶಾಪಿಗೆ ಬಂದು, ವಾಚಿನಷ್ಟು ಚಿಕ್ಕ ರೇಡಿಯೊ ನೋಡಿ, ಇದನ್ನು ನನ್ನ ಕಥೆಯಲ್ಲಿ ಬಳಸಿಕೊಳ್ಳಲೇ ಅಂತ ಅನುಮತಿ ಕೇಳಿದರು. ಹಾಗೆ 1946ರಲ್ಲಿ ಡಿಕ್ ಟ್ರೇಸಿ ಎಂಬ ಪತ್ತೇದಾರನ ಕೈಗೆ ರೇಡಿಯೊ ವಾಚ್ ಬಂತು. 1949ರಲ್ಲಿ ಗ್ರಾಸ್ ಪೇಜರ್ ಮಾಡಿ ಡಾಕ್ಟರುಗಳಿಗೆ ತೋರಿಸಿದರು. ಗಾಲ್ಫ್ ಆಡುವಾಗ ಕಿರಿಕಿರಿ ಆಗುತ್ತೆ ಅಂತ ಡಾಕ್ಟರುಗಳು ಬೇಡ ಅಂದರು. ಕೊನೆಗೆ 1950ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆ ಅದನ್ನು ಹಾಕಿಸಿಕೊಂಡಿತು.

ಬೇಗ ಬಂದವರ ಕಷ್ಟ ಇದೇ. ಗ್ರಾಸ್ ಅವರ ಪೇಟೆಂಟುಗಳ ಅವಧಿ ಮುಗಿದ ಮೇಲೆ ಪೇಜರ್ರು, ಸಿಬಿ ರೇಡಿಯೊ, ಮೊಬೈಲು ಎಲ್ಲಾ ಜೋರಾಗಿ ಬಂದವು. ದುಡ್ಡು ಬೇರೆಯವರಿಗೆ ಹೋಯಿತು. ಅವರು ದೊಡ್ಡ ಕಂಪನಿಗಳಲ್ಲಿ ಎಂಜಿನಿಯರ್ ಕೆಲಸ ಮಾಡುತ್ತಲೇ ಇದ್ದರು. ಎಂಬತ್ತು ದಾಟಿದ ಮೇಲೂ ಅರಿಜೋನಾದಲ್ಲಿ ಕೆಲಸಕ್ಕೆ ಹೋಗ್ತಾ ಇದ್ದರು, ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡ್ತಾ ಇದ್ದರು. 2000ದಲ್ಲಿ ಲೆಮೆಲ್ಸನ್-ಎಂಐಟಿ ಜೀವಮಾನ ಸಾಧನೆ ಪ್ರಶಸ್ತಿ ಬಂತು. ಅದೇ ವರ್ಷ ಡಿಸೆಂಬರ್ 21ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು. ನಾವಿನ್ನೂ ಹುಟ್ಟಿರಲಿಲ್ಲ.

ಅವರ ಬ್ಯಾಂಡ್ ಏನಾಯಿತು

1958ರಲ್ಲಿ ಅಮೆರಿಕದಲ್ಲಿ 27 ಮೆಗಾಹರ್ಟ್ಸ್‌ನಲ್ಲೂ ಸಿಟಿಜನ್ಸ್ ಬ್ಯಾಂಡ್ ಕೊಟ್ಟರು. ಆ ಫ್ರೀಕ್ವೆನ್ಸಿಗೆ ಸೆಟ್ ಮಾಡೋದು ಅಗ್ಗ. ಎಪ್ಪತ್ತರ ದಶಕದಲ್ಲಿ ಲಾರಿ ಡ್ರೈವರುಗಳು ಅದನ್ನು ಹಿಡಿದುಕೊಂಡರು. ಲೈಸೆನ್ಸ್ ತಗೊಳ್ಳದೆ ಮಾತಾಡೋರು ಎಷ್ಟು ಹೆಚ್ಚಾದರು ಅಂದ್ರೆ, 1983ರಲ್ಲಿ ಎಫ್‌ಸಿಸಿ ಆ ಲೈಸೆನ್ಸನ್ನೇ ಕೈಬಿಟ್ಟಿತು. 1996ರಲ್ಲಿ 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ ಫ್ಯಾಮಿಲಿ ರೇಡಿಯೊ ಸರ್ವಿಸ್ ಬಂತು. ಹೆಸರೇ ಫ್ಯಾಮಿಲಿ. ಗ್ರಾಸ್ 1948ರಲ್ಲಿ ಒಪ್ಪಿಗೆ ಪಡೆದ ಜಾಗದ ಒಳಗೇ ಇದೆ ಅದು. ನಮ್ಮ ಅಣ್ಣ ತಂದ ಡಬ್ಬದಲ್ಲಿದ್ದದ್ದು ಇದೇ.

ಅಪ್ಪನ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು. ಲೈಸೆನ್ಸ್ ಬೇಕಿಲ್ಲ ಅನ್ನೋದು ಆ ಸೆಟ್ಟಿನ ಗುಣ ಅಲ್ಲ, ಅದನ್ನು ಬಳಸುವ ದೇಶದ ಕಾನೂನು. ಗ್ರಾಸ್ ಅವರಿಗೆ ಸಿಕ್ಕ ಒಪ್ಪಿಗೆ ಅವರ ದೇಶದ್ದು. ಪ್ರತಿ ದೇಶ ತನ್ನ ಗಾಳಿಯನ್ನು ತಾನೇ ಹಂಚಿಕೊಳ್ಳುತ್ತೆ. 462, 467 ಮೆಗಾಹರ್ಟ್ಸ್ ನಮ್ಮ ದೇಶದ ಲೈಸೆನ್ಸ್-ರಹಿತ ವಾಕಿ-ಟಾಕಿಗಳ ಪಟ್ಟಿಯಲ್ಲಿ ಇಲ್ಲ. ಅಣ್ಣ ಪ್ರೀತಿಯಿಂದ ತಂದದ್ದೇ ಆದರೂ ಇಲ್ಲಿ ಆನ್ ಮಾಡುವಂತಿಲ್ಲ.

ನಮ್ಮಲ್ಲಿ ಬಹಳ ಕಾಲ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ನಡೆದವು. ನಮ್ಮ ತಾತಂದಿರ ಕಾಲದಲ್ಲಿ ಮನೆಯಲ್ಲಿ ರೇಡಿಯೊ ಕೇಳೋಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಈಗ ಇವುಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಟ್ರಿಪ್‌ಗೆ ಸೆಟ್ ಬೇಕು ಅನ್ನೋ ಮನೆಯವರಿಗೆ ದಾರಿ ಮೂರು.

ಒಂದು, 446.0ರಿಂದ 446.2 ಮೆಗಾಹರ್ಟ್ಸ್. 2018ರ ನಿಯಮದಲ್ಲಿ ಇದನ್ನು ಕಡಿಮೆ ಪವರಿನ ಸೆಟ್ಟುಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿದ್ದಾರೆ. ಆಂಟೆನಾ ಚಿಕ್ಕದು, ಕೈಯಲ್ಲಿ ಹಿಡಿಯೋಕೆ ಸುಲಭ. ಮನೆಯವರಿಗೆ ಇದೇ ಸರಿ.

ಎರಡು, 27 ಮೆಗಾಹರ್ಟ್ಸ್ ಸಿಟಿಜನ್ಸ್ ಬ್ಯಾಂಡ್. 26.957ರಿಂದ 27.283ರವರೆಗೆ, 5 ವ್ಯಾಟ್ ಮಿತಿಯಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಮೇಲೆ ಹೇಳಿದ 2.8 ಮೀಟರ್ ಲೆಕ್ಕ ನೆನಪಿರಲಿ. ಚಿಕ್ಕ ಆಂಟೆನಾ ಹಾಕಿದರೆ ಪವರ್ ಇದ್ದೂ ಪ್ರಯೋಜನ ಕಮ್ಮಿ.

ಮೂರು, ಹ್ಯಾಮ್ ಆಗೋದು. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಆದರೆ ಮಾತಾಡುವ ಇಬ್ಬರಿಗೂ ಲೈಸೆನ್ಸ್ ಇರಬೇಕು. ಅಜ್ಜಿಗೆ ಪರೀಕ್ಷೆ ಬರೆಸೋಕಾಗಲ್ಲ.

ಕೊಳ್ಳುವಾಗ ನೋಡಬೇಕಾದ್ದು ಎರಡು. ಮೊದಲನೆಯದು, ಸೆಟ್ ಯಾವ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಎರಡನೆಯದು, ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಇಟಿಎ ಸರ್ಟಿಫಿಕೇಟ್ ಇರಬೇಕು. ಇಟಿಎ ಅಂದ್ರೆ ಸೆಟ್ ನಮ್ಮ ದೇಶದ ನಿಯಮಕ್ಕೆ ಹೊಂದುತ್ತೆ ಅನ್ನೋ ಒಪ್ಪಿಗೆ. ಗ್ರಾಸ್ 1948ರಲ್ಲಿ ಪಡೆದದ್ದರ ತಮ್ಮ ಅನ್ನಬಹುದು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದು, ಈ ವಿವರಗಳನ್ನು ಕೊಡಲೇಬೇಕು ಅಂತ ಹೇಳಿದೆ. ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗಿಸಬಹುದು ಅನ್ನೋ ಅಗ್ಗದ ಸೆಟ್ ಕಂಡರೆ ಆಸೆ ಆಗುತ್ತೆ, ನಮಗೂ ಆಯಿತು. ಆದರೆ ಅದು ಪೊಲೀಸರ, ಆಂಬುಲೆನ್ಸ್‌ನವರ ಚಾನೆಲ್ ಮೇಲೂ ಹೋಗಿ ಕೂರಬಹುದು. ನಮ್ಮ ಅಜ್ಜಿಯ ಮಾತ್ರೆ ಸಿಗಲಿ ಅಂತ ನಾವು ಒತ್ತುವ ಬಟನ್, ಇನ್ಯಾರದೋ ಅಜ್ಜಿಗೆ ಬರ್ತಾ ಇರೋ ಆಂಬುಲೆನ್ಸಿನ ಮಾತಿಗೆ ಅಡ್ಡ ಬರಬಾರದು.

ದೂರದ ಬಗ್ಗೆಯೂ ಆಸೆ ಜಾಸ್ತಿ ಬೇಡ. ಡಬ್ಬದ ಮೇಲೆ ಬರೆದಿರುವ ಕಿಲೋಮೀಟರುಗಳು ಬಯಲಿನ ಲೆಕ್ಕ. ಜೋನ್-ಎಲಿನಾರ್ ಕೆಲಸ ಮಾಡಿದ್ದು ಏಜೆಂಟ್ ಮತ್ತು ವಿಮಾನದ ಮಧ್ಯೆ ಏನೂ ಅಡ್ಡ ಇಲ್ಲದ್ದಕ್ಕೆ. ಘಾಟಿಯಲ್ಲಿ ಒಂದು ತಿರುವು ದಾಟಿದರೆ ಗುಡ್ಡವೇ ಅಡ್ಡ. ಹಾಗಾಗಿ ಸೆಟ್ ಇದ್ದರೂ ಎರಡು ಕಾರು ಹತ್ತಿರವೇ ಇರಬೇಕು, ಎಲ್ಲಿ ನಿಂತು ಕಾಯೋದು ಅಂತ ಮೊದಲೇ ಮಾತಾಡಿಕೊಂಡಿರಬೇಕು.

ಅಣ್ಣನ ಸೆಟ್ಟುಗಳಿಂದ ಬ್ಯಾಟರಿ ತೆಗೆದು ಡಬ್ಬ ಮುಚ್ಚಿಟ್ಟಿದ್ದೀವಿ. ಅವನು ವಾಪಸ್ ಹೋಗುವಾಗ ತಗೊಂಡು ಹೋಗ್ತಾನೆ, ಅಲ್ಲಿ ಅವು ಸರಿಯಾದ ಜಾಗದಲ್ಲಿರುತ್ತವೆ. ನಾವು ಇಟಿಎ ಇರುವ 446ರ ಒಂದು ಜೊತೆ ತಗೊಂಡ್ವಿ. ಮೊದಲ ಸಲ ವಿಜಯನಗರದಿಂದ ಕೆಂಗೇರಿಗೆ ಹೋಗುವಾಗ ಎರಡು ಕಾರಲ್ಲಿ ಟೆಸ್ಟ್ ಮಾಡಿದ್ವಿ. ಕಟ್ಟಡಗಳ ಮಧ್ಯೆ ಒಂದು ಕಿಲೋಮೀಟರ್ ಸಿಗೋದೂ ಕಷ್ಟ ಆಯಿತು. ಆದರೂ ಅಜ್ಜಿ ಬಟನ್ ಒತ್ತಿ ಹಿಂದಿನ ಕಾರಿನವರನ್ನು ಕಾಫಿ ಆಯ್ತಾ ಅಂತ ವಿಚಾರಿಸಿಕೊಂಡರು. ಮಾತ್ರೆಗಳ ಡಬ್ಬಿ ಮಾತ್ರ ಈಗ ಅಜ್ಜಿ ಇರುವ ಕಾರಲ್ಲೇ ಇರುತ್ತೆ.